ಅಧ್ಯಕ್ಷರು ಹಾಕದ ಮತ

ಅಕ್ಕಯಮ್ಮ ಗಂಡನ ಎಲೆಅಡಿಕೆ ಸಂಚಿಯನ್ನು ಮೊರದ ಮೇಲೆ ತಲೆಕೆಳಗು ಮಾಡಿ ಕೊಡವಿದರು. ಬಾಡಿದ ವೀಳ್ಯದೆಲೆ, ಅಡಿಕೆ ಚೂರು, ಸುಣ್ಣದ ಡಬ್ಬಿ ಬಿದ್ದವು. ಅವುಗಳ ಹಿಂದೆ, ಸಂಚಿಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಇನ್ನೆರಡು ವಸ್ತುಗಳು ಉರುಳಿ ಬಂದವು.

ಕಡಲೆಕಾಳಿನಷ್ಟು ದೊಡ್ಡ ಎರಡು ಗಾಜಿನ ಮಣಿ. ಒಂದು ಕರಿಯದು, ಒಂದು ಬಿಳಿಯದು. ಎರಡಕ್ಕೂ ತೂತಿಲ್ಲ.

ಇನ್ಸ್‌ಪೆಕ್ಟರ್ ಚನ್ನಬಸವಯ್ಯ ಮಜ್ಜಿಗೆಯ ಲೋಟ ಕೆಳಗಿಟ್ಟ.

"ಇದು ಯಾವಾಗ ಸಿಕ್ತು, ಅಮ್ಮ?"

"ಇವತ್ತು ಬೆಳಿಗ್ಗೆ ಸ್ವಾಮಿ. ಅವರ ಬಟ್ಟೆಬರೆ ಎಲ್ಲಾ ಎತ್ತಿಡ್ತಿದ್ದೆ. ನನ್ನ ಕೊರಳಿನ ಕರಿಮಣಿ ಹೋಯ್ತು, ಅವರ ಸಂಚೀಲಿ ಮಾತ್ರ ಕರಿಮಣಿ ಉಳಕೊಂಡೈತೆ ನೋಡಿ." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ಆಸ್ಪತ್ರೆಗೆ ಅಂತ ಕೆರೆಕೋಡಿ ಹೊಲ ಬಿಟ್ಕೊಟ್ರು. ಕೊನೆಗೆ ಉಸಿರೂ ಅಲ್ಲೇ ಬಿಟ್ರು. ಇದೇನು, ಮಕ್ಕಳಾಡೋ ಸಾಮಾನಾ?"

ಮಕ್ಕಳಾಡುವ ಸಾಮಾನಲ್ಲ. ಅದೇನೆಂದು ಚನ್ನಬಸವಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಕೆರೆಕೋಡಿ ಸಾರ್ವಜನಿಕ ಆಸ್ಪತ್ರೆಯ ಅಧ್ಯಕ್ಷ ಚಿಕ್ಕಬೈರಪ್ಪನವರು ಕಳೆದ ಗುರುವಾರ ಆಡಳಿತ ಮಂಡಳಿಯ ಸಭೆ ಮುಗಿಯುತ್ತಿದ್ದಂತೆ ಕುರ್ಚಿಯಿಂದ ಕುಸಿದು ಸತ್ತಿದ್ದರು; ದೇಹದಲ್ಲಿ ವಿಷವಿತ್ತು. ಅದೇ ಸಭೆ ಆಸ್ಪತ್ರೆಯ ಮುಖ್ಯ ವೈದ್ಯೆ ಡಾಕ್ಟರ್ ಚೂಡಾಮಣಿಯವರನ್ನು ಕೆಲಸದಿಂದ ತೆಗೆದುಹಾಕಿತ್ತು. ಕುಸಿದ ಅಧ್ಯಕ್ಷರಿಗೆ ಓಡಿಬಂದು ಇಂಜೆಕ್ಷನ್ ಕೊಟ್ಟವರೂ ಅವರೇ. ಊರಿಗೆ ಅಷ್ಟು ಸಾಕಾಗಿತ್ತು. ಸಂಜೆಯೊಳಗೆ ಡಾಕ್ಟರನ್ನು ಅರೆಸ್ಟ್ ಮಾಡಬೇಕೆಂದು ಮೇಲಿನಿಂದ ಆಜ್ಞೆ ಬಂದಿತ್ತು.

ಮಂಡಳಿಯ ಮತದಾನ ಗುಟ್ಟಿನದು. ಏಳು ಜನ ಸದಸ್ಯರಿಗೂ ಒಂದೊಂದು ಕರಿ ಮಣಿ, ಒಂದೊಂದು ಬಿಳಿ ಮಣಿ. ಡಾಕ್ಟರು ಉಳಿಯಲಿ ಎನ್ನುವವರು ಬಿಳಿ, ಹೋಗಲಿ ಎನ್ನುವವರು ಕರಿ. ಬೇಕಾದುದನ್ನು ಮುಷ್ಟಿಯಲ್ಲಿಟ್ಟುಕೊಂಡು ಪೆಟ್ಟಿಗೆಯ ತೂತಿಗೆ ಬಿಡಬೇಕು. ಉಳಿದ ಮಣಿಯನ್ನು ಬಟ್ಟೆ ಚೀಲಕ್ಕೆ ಹಾಕಬೇಕು. ಅದನ್ನು ಯಾರೂ ಎಣಿಸುವುದಿಲ್ಲ.

ಪೆಟ್ಟಿಗೆಯಲ್ಲಿ ನಾಲ್ಕು ಕರಿ, ಮೂರು ಬಿಳಿ ಬಿದ್ದಿದ್ದವು. ಒಟ್ಟು ಏಳು.

ಆದರೆ ಅಧ್ಯಕ್ಷರ ಎರಡು ಮಣಿಯೂ ಇಲ್ಲಿ, ಸಾರಕ್ಕಿಯ ಈ ಜಗುಲಿಯ ಮೇಲಿನ ಮೊರದಲ್ಲಿವೆ. ಅವರು ಮತ ಹಾಕಲೇ ಇಲ್ಲ. ಹಾಗಿದ್ದರೆ ಪೆಟ್ಟಿಗೆಯಲ್ಲಿ ಇರಬೇಕಾದದ್ದು ಆರು.

ಏಳನೆಯದು ಯಾರದು?

ಅವನು ಎರಡೂ ಮಣಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎದ್ದ. "ಅಮ್ಮ, ಇದನ್ನ ಇನ್ಯಾರಿಗಾದ್ರೂ ತೋರಿಸಿದ್ರಾ?"

"ಯಾರಿಗೆ ತೋರಿಸ್ಲಿ? ಬರೋರೆಲ್ಲಾ ಮಂಡಳಿಯೋರೆ. ಅಳ್ತಾರೆ, ಕಾಫಿ ಕುಡೀತಾರೆ, ಮುಂದಿನ ಅಧ್ಯಕ್ಷ ಯಾರು ಅಂತ ಮಾತಾಡ್ಕೊಂಡು ಹೋಯ್ತಾರೆ."

ಜೀಪು ಕೆರೆ ಏರಿಯ ಮೇಲೆ ಧೂಳೆಬ್ಬಿಸುತ್ತಾ ಹೊರಟಿತು. ಒಂದು ಕಡೆ ಕೊಯ್ಲಾದ ರಾಗಿ ಹೊಲ. ಇನ್ನೊಂದು ಕಡೆ ಹೊಸ ಲೇಔಟಿನ ಗಡಿಕಲ್ಲುಗಳು. ಹಿಂದಿನ ಸೀಟಿನಲ್ಲಿ ಕಾನ್‌ಸ್ಟೇಬಲ್ ತಿಮ್ಮರಾಯಪ್ಪ ಕುಳಿತಿದ್ದ.

ಚನ್ನಬಸವಯ್ಯನ ಲೆಕ್ಕ ಸರಳವಾಗಿತ್ತು. ಡಾಕ್ಟರ ಪರ ಇದ್ದವರು ಮೂವರು: ಉಪಾಧ್ಯಕ್ಷೆ ಕಮಲಾದೇವಿ, ನಿವೃತ್ತ ಹೆಡ್‌ಮಾಸ್ಟರ್ ರಾಮಪ್ರಸಾದ, ಶ್ರೀನಗರದ ಗಂಗಾಧರಯ್ಯ. ಮೂವರೂ ಬಿಳಿ ಹಾಕಿದೆವೆಂದು ಅವನೆದುರು ಪ್ರಮಾಣ ಮಾಡಿದ್ದರು. ವಿರೋಧವಾಗಿದ್ದವರು ಕಾರ್ಯದರ್ಶಿ ಪರಮಶಿವಯ್ಯ ಮತ್ತು ಅವರ ಇಬ್ಬರು ಬೆಂಬಲಿಗರು. ಮೂರಕ್ಕೆ ಮೂರು. ಸಮ ಬಿದ್ದರೆ ತೀರ್ಮಾನ ಅಧ್ಯಕ್ಷರದು. ಹಾಗಾಗದಂತೆ ಯಾರೋ ಒಂದು ಕರಿ ಮಣಿಯನ್ನು ಹೆಚ್ಚಿಗೆ ತೂರಿಸಿದ್ದರು. ಅದು ಅಧ್ಯಕ್ಷರ ಕಣ್ಣಿಗೆ ಬಿದ್ದಿತ್ತು. ಅವರು ಬಾಯಿ ಬಿಡುವ ಮೊದಲೇ ಅವರ ಬಾಯಿ ಶಾಶ್ವತವಾಗಿ ಮುಚ್ಚಿಹೋಗಿತ್ತು.

ಸಾಯುವ ಮೊದಲು ಅವರು ಆಡಿದ್ದು ಎರಡೇ ಮಾತು: "ಪೆಟ್ಟಿಗೆ ಜೋಪಾನ." ಕಾಣಿಕೆ ಪೆಟ್ಟಿಗೆ ಇರಬೇಕೆಂದು ಎಲ್ಲರೂ ಅಂದುಕೊಂಡಿದ್ದರು.

ಆಸ್ಪತ್ರೆಯ ಮುಂದಿನ ಹೊಂಗೆಮರದ ಕೆಳಗೆ ತುಂಬು ಗರ್ಭಿಣಿಯೊಬ್ಬಳು ಅತ್ತೆಯ ಹೆಗಲಿಗೊರಗಿ ಕುಳಿತಿದ್ದಳು. ಅವಳನ್ನು ಊರೊಳಗಿನ ದೊಡ್ಡಾಸ್ಪತ್ರೆಗೆ ಒಯ್ಯಲು ಜಟಕಾ ಕಾಯುತ್ತಿತ್ತು. ಹೆರಿಗೆ ಕಟ್ಟಡಕ್ಕೆ ಬೀಗ. ಬಾಗಿಲ ಮೇಲೆ ಹೊಸ ಬಣ್ಣದ ಹಲಗೆ: 'ಸಿದ್ದಗಂಗಮ್ಮ ಹೆರಿಗೆ ಮಂದಿರ'. ಅಲ್ಲಿ ಹೆತ್ತ ಇಬ್ಬರು ಬಾಣಂತಿಯರು ಧನುರ್ವಾಯು ಬಂದು ಸತ್ತಿದ್ದರು. ಡಾಕ್ಟರ್ ಚೂಡಾಮಣಿ ಮಂಡಳಿಯನ್ನು ಕೇಳದೆಯೇ ಬೀಗ ಜಡಿದಿದ್ದರು. ಅವರ ಮೇಲಿನ ಆರೋಪವೇ ಅದು.

ಸಿದ್ದಗಂಗಮ್ಮ ಪರಮಶಿವಯ್ಯನವರ ತಾಯಿ.

ಸಭಾಭವನದಲ್ಲಿ ಪರಮಶಿವಯ್ಯ ಒಬ್ಬರೇ ಇದ್ದರು. ಪೊಲೀಸರ ಬೀಗ ತೆಗೆಸಿ ಚನ್ನಬಸವಯ್ಯನೇ ಅವರನ್ನು ಅಲ್ಲಿಗೆ ಕರೆಸಿದ್ದ. ಹಣೆ ತುಂಬ ವಿಭೂತಿ, ಕ್ಲೋಸ್ ಕಾಲರಿನ ಕೋಟು. ಚಿಕ್ಕಪೇಟೆಯಲ್ಲಿ ಜವಳಿ ವ್ಯಾಪಾರ ಮಾಡಿ ಜಯನಗರದಲ್ಲಿ ಮನೆ ಕಟ್ಟಿಸಿದ ಮನುಷ್ಯ. ಅಧ್ಯಕ್ಷರ ಕುರ್ಚಿ ಖಾಲಿ ಇತ್ತು. ಅದರ ಪಕ್ಕದ ತಮ್ಮ ಕುರ್ಚಿಯಲ್ಲೇ ಅವರು ಕೂತಿದ್ದರು.

"ಬನ್ನಿ ಇನ್ಸ್‌ಪೆಕ್ಟ್ರೇ. ಇಷ್ಟು ಹೊತ್ತಿಗೆ ಆ ಡಾಕ್ಟರಮ್ಮನ್ನ ಕರ್ಕೊಂಡು ಹೋಗಿರ್ತೀರಿ ಅಂದ್ಕೊಂಡಿದ್ದೆ."

"ಸಂಜೆಗೆ ಇನ್ನೂ ಹೊತ್ತಿದೆ, ಸಾರ್." ಚನ್ನಬಸವಯ್ಯ ಎದುರಿಗೆ ಕುಳಿತು ಕರವಸ್ತ್ರ ಬಿಚ್ಚಿದ. "ಇದು ಅಧ್ಯಕ್ಷರ ಸಂಚೀಲಿ ಸಿಕ್ತು."

ಪರಮಶಿವಯ್ಯ ಬಗ್ಗಿ ನೋಡಿದರು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಕೆಂಪಾಯಿತು.

"ಎರಡೂ?"

"ಎರಡೂ. ಪೆಟ್ಟಿಗೇಲಿ ಏಳು ಎಣಿಸಿದವರು ನೀವು."

"ನಾನೊಬ್ಬನೇ ಎಣಿಸಲಿಲ್ಲ! ಕಮಲಾದೇವಿಯವರೂ ಪಕ್ಕದಲ್ಲೇ ನಿಂತಿದ್ರು. ತಟ್ಟೆಗೆ ಸುರಿದು, ಪೆನ್ಸಿಲ್ ತುದೀಲಿ ಒಂದೊಂದೇ ಸರಿಸಿ ಎಣಿಸಿದ್ವಿ. ಆಮೇಲೆ ಪೆಟ್ಟಿಗೆಗೇ ಹಾಕಿ ಅರಗಿನ ಮುದ್ರೆ ಒತ್ತಿದ್ವಿ. ನಿಯಮ ಅದು."

"ಮಂಡಳೀಲಿ ಒಂದು ಕರಿ ಮಣಿ ಹೆಚ್ಚಾದ್ರೆ ಯಾರಿಗೆ ಅನುಕೂಲ, ಸಾರ್?"

"ಏನ್ರೀ ಮಾತಾಡ್ತಿದ್ದೀರಿ?" ಅವರು ಮೇಜು ಗುದ್ದಿದರು. "ನನಗೆ ಕಳ್ಳ ಮತ ಯಾಕ್ರೀ ಬೇಕು? ಡಾಕ್ಟರು ಅಂದ್ರೆ ನೌಕರರು. ಮಂಡಳಿ ಅಂದ್ರೆ ಯಜಮಾನ. ಯಜಮಾನನ್ನ ಕೇಳದೆ ಮನೆಗೆ ಬೀಗ ಹಾಕಿದ ನೌಕರನ್ನ ಯಾರು ಇಟ್ಕೋತಾರೆ?"

"ಇಬ್ಬರು ಹೆಣ್ಣುಮಕ್ಕಳು ಸತ್ತಿದ್ರು."

"ಸತ್ರು. ನನಗೂ ಹೊಟ್ಟೆ ಉರೀತು. ಆದ್ರೆ ಊರಿನವರು ಏನಂತಾರೆ ಗೊತ್ತಾ? 'ಸಿದ್ದಗಂಗಮ್ಮನಿಗೆ ಹೋದೋರು ವಾಪಸ್ ಬರಲ್ಲ' ಅಂತಾರೆ. ನನ್ನ ತಾಯಿ ಹೆಸರು ಕಣ್ರೀ ಅದು. ಒಂಬತ್ತು ಹೆತ್ತು ನನ್ನೊಬ್ಬನ್ನ ಉಳಿಸ್ಕೊಂಡ ತಾಯಿ. ಬೇರೆ ತಾಯಂದಿರಿಗೆ ಹಾಗಾಗಬಾರದು ಅಂತ ಅವಳ ಹೆಸರಲ್ಲಿ ಕಟ್ಟಿಸಿದ್ದು."

ಅವರ ದನಿ ಒಡೆಯಿತು. ಹಣೆಯ ನರ ಉಬ್ಬಿತ್ತು. ತಮ್ಮ ಮುಂದಿನ ಮೇಜಿನ ಡ್ರಾಯರ್ ಎಳೆದು ಪುಟ್ಟ ತಗಡಿನ ಡಬ್ಬಿ ತೆಗೆದರು. ಒಂದು ಮಾತ್ರೆ ಬಾಯಿಗೆಸೆದುಕೊಂಡು ಹೂಜಿಯ ನೀರು ಕುಡಿದರು.

"ಬಿ.ಪಿ. ಇದೆ ನನಗೆ. ಸಿಟ್ಟು ಬರಿಸ್ಬೇಡಿ."

ಆ ಅಳು ನಟನೆಯಲ್ಲವೆಂದು ಚನ್ನಬಸವಯ್ಯನಿಗೆ ಅನಿಸಿತು. ಆದರೆ ತಾಯಿಯ ಹೆಸರಿಗಾಗಿ ನಿಜವಾಗಿ ಅಳುವವನು ಅದೇ ಹೆಸರಿಗಾಗಿ ಕೊಲೆ ಮಾಡುವುದಿಲ್ಲವೆಂದು ಯಾವ ಕಾನೂನೂ ಹೇಳುವುದಿಲ್ಲ.

"ತಿಮ್ಮರಾಯಪ್ಪ, ಬೀರುವಿಂದ ಪೆಟ್ಟಿಗೆ ತಾ. ಒಂದು ಹಿತ್ತಾಳೆ ತಟ್ಟೇನೂ ತಾ."

ಅರಗಿನ ಮುದ್ರೆ ಒಡೆಯದೆ ಹಾಗೇ ಇತ್ತು. ಪರಮಶಿವಯ್ಯನವರ ಎದುರೇ ಅದನ್ನು ಒಡೆದು, ಚನ್ನಬಸವಯ್ಯ ಪೆಟ್ಟಿಗೆಯನ್ನು ಕರವಸ್ತ್ರದ ಮೇಲೆ ಬಗ್ಗಿಸಿದ.

"ಈ ಗಾಜಿನ ಮಣಿಗಳನ್ನ ಮಂಡಳಿಗೆ ಅಂತಲೇ ಹೇಳಿ ಮಾಡಿಸಿದ್ದು. ಒಬ್ಬೊಬ್ಬರಿಗೆ ಕರಿಯದು ಒಂದೇ, ಅಂಗಡೀಲೂ ಸಿಗಲ್ಲ. ಏಳನೇದನ್ನ ಹಾಕಿದೋರು ಬೇರೆ ಏನನ್ನೋ ತಂದಿರಬೇಕು. ಕಣ್ಣಿಗೆ ಮೋಸ ಮಾಡ್ಬಹುದು, ಸಾರ್. ಕಿವಿಗೆ ಕಷ್ಟ."

ಮೊದಲ ಕರಿ ಮಣಿಯನ್ನು ಮೇಲಿನಿಂದ ತಟ್ಟೆಗೆ ಬಿಟ್ಟ. ಠಿಣ್! ಗಾಜಿನ ತೆಳು ಸದ್ದು.

ಎರಡನೆಯದು. ಠಿಣ್. ಮೂರನೆಯದು. ಠಿಣ್.

ಚನ್ನಬಸವಯ್ಯ ನಾಲ್ಕನೆಯ ಕರಿ ಮಣಿಯನ್ನು ಎತ್ತಿಕೊಂಡ. ಅವನ ಇಡೀ ಲೆಕ್ಕ ಆ ಎರಡು ಬೆರಳುಗಳ ನಡುವೆ ಇತ್ತು.

ಠಿಣ್.

ನಾಲ್ಕೂ ಗಾಜು. ನಾಲ್ಕೂ ಅಸಲಿ.

"ನೋಡಿದ್ರಾ?" ಪರಮಶಿವಯ್ಯ ಎದೆಯ ಮೇಲೆ ಕೈಯಿಟ್ಟುಕೊಂಡರು. "ನೋಡಿದ್ರಾ ಇನ್ಸ್‌ಪೆಕ್ಟ್ರೇ?"

ಚನ್ನಬಸವಯ್ಯ ಬಿಳಿ ಮಣಿಗಳತ್ತ ಕೈ ಚಾಚಿದ. ಬಿಳಿಯದೊಂದನ್ನು ಬಿಟ್ಟ. ಠಿಣ್. ಇನ್ನೊಂದನ್ನು ಬಿಟ್ಟ. ಠಿಣ್.

ಕೊನೆಯ ಬಿಳಿಯದು ತಟ್ಟೆಗೆ ಬಿದ್ದಾಗ 'ಟಪ್' ಎಂದಿತು. ಪುಟಿಯಲಿಲ್ಲ. ಬಿದ್ದಲ್ಲೇ ನಿಂತಿತು.

ಕಳ್ಳ ಮತ ಕರಿಯದಲ್ಲ, ಬಿಳಿಯದು! ಡಾಕ್ಟರನ್ನು ಉಳಿಸಲು ಬಿದ್ದದ್ದು. ಅಂದರೆ ನಿಜವಾದ ಬಿಳಿ ಮಣಿ ಎರಡೇ. ಬಿಳಿ ಹಾಕಿದೆವೆಂದು ಪ್ರಮಾಣ ಮಾಡಿದ ಮೂವರಲ್ಲಿ ಒಬ್ಬರು ಅವನ ಮುಖ ನೋಡಿ ಸುಳ್ಳು ಹೇಳಿದ್ದರು.

ಅವನು ಅದನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಬೆವರಿಗೆ ಅದರ ಮೈ ಅಂಟಂಟಾಗಿ ಬಿಳಿ ಬಣ್ಣ ಚರ್ಮಕ್ಕೆ ಹತ್ತಿಕೊಂಡಿತು. ಉಗುರಿನಿಂದ ಕೆರೆದ. ತೆಳುವಾದ ಸಕ್ಕರೆ ಪದರ. ಒಳಗೆ ಕಂದು ಪುಡಿ.

"ಇದು ಮಣಿ ಅಲ್ಲ," ಎಂದ. "ಮಾತ್ರೆ."

ಪರಮಶಿವಯ್ಯ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. "ಇದು ನನ್ನ ಬಿ.ಪಿ. ಮಾತ್ರೆ ಇದ್ದ ಹಾಗಿದೆಯಲ್ರೀ!"

"ನಿಮ್ಮ ಮಾತ್ರೆ ಪೆಟ್ಟಿಗೆಗೆ ಹೇಗೆ ಬಂತು?"

"ಆವತ್ತು ಮತ ಹಾಕೋ ಮುಂಚೆ ಅಧ್ಯಕ್ಷರು ಯಾಕೋ ತಲೆ ಸುತ್ತು ಅಂದ್ರು. ನನಗೆ ಒಳ್ಳೇದಾಗಿದೆ, ನೀವೂ ತಗೊಳ್ಳಿ ಅಂತ ಆವತ್ತೇ ತುಂಬಿ ಬಂದಿದ್ದ ಡಬ್ಬಿ ತೆಗೆದು ಎರಡು ಕೊಟ್ಟೆ. ಒಂದನ್ನ ಬಾಯಿಗೆ ಹಾಕ್ಕೊಂಡ್ರು. ಎಲೆಅಡಿಕೆ ಅಭ್ಯಾಸ ನೋಡಿ, ನುಂಗದೆ ಕಟಕಟ ಅಂತ ಅಗಿದುಬಿಟ್ರು. 'ಇದೇನಪ್ಪಾ, ನಾಲಿಗೆಯೆಲ್ಲಾ ಜುಮ್ಮಂತೈತೆ' ಅಂದ್ರು. ನಾನು ನಕ್ಕೆ. ಎರಡನೇದು ಅವರ ಕೈಯಲ್ಲೇ ಇತ್ತು..."

ಅವರು ಚನ್ನಬಸವಯ್ಯನ ಅಂಗೈಯನ್ನೇ ನೋಡಿದರು.

ಚನ್ನಬಸವಯ್ಯನಿಗೆ ಆ ಗುರುವಾರ ಕಣ್ಣಿಗೆ ಕಟ್ಟಿತು. ನಾಲಿಗೆ ಮರಗಟ್ಟುತ್ತಿರುವ ಮುದುಕ. ಮಾತ್ರೆ ಕೊಟ್ಟವನು ಪಕ್ಕದಲ್ಲೇ ಕೂತಿದ್ದಾನೆ. ಕೂಗಿದರೆ ನಂಬುವವರಿಲ್ಲ, ಸುಮ್ಮನಿದ್ದರೆ ಸಾಕ್ಷಿ ಉಳಿಯುವುದಿಲ್ಲ. ಅವರು ಎರಡೂ ಮಣಿಗಳನ್ನು ಸಂಚಿಗೆ ಹಾಕಿ, ಮಾತ್ರೆಯನ್ನು ಪೆಟ್ಟಿಗೆಗೆ ಬಿಟ್ಟರು. ಅರಗಿನ ಮುದ್ರೆ ಬೀಳುವ ಪೆಟ್ಟಿಗೆಗಿಂತ ಭದ್ರವಾದ ಜಾಗ ಆ ಕೋಣೆಯಲ್ಲಿ ಬೇರೆ ಇರಲಿಲ್ಲ. ಪೆಟ್ಟಿಗೆ ಜೋಪಾನ.

"ಆ ಡಬ್ಬಿ?" ಎಂದ ಚನ್ನಬಸವಯ್ಯ. "ಆವತ್ತಿಂದ ಎಲ್ಲಿತ್ತು?"

"ಇಲ್ಲೇ, ಡ್ರಾಯರಲ್ಲಿ. ಕೋಣೆಗೆ ನೀವೇ ಬೀಗ ಹಾಕಿದ್ರಲ್ಲ. ಮನೇಲಿ ಬೇರೆ ಇತ್ತು, ಅದನ್ನೇ..."

ಇಬ್ಬರೂ ಒಟ್ಟಿಗೇ ತಗಡಿನ ಡಬ್ಬಿಯತ್ತ ನೋಡಿದರು. ಅದರ ಪಕ್ಕದಲ್ಲಿ ಅರ್ಧ ಖಾಲಿಯಾದ ನೀರಿನ ಲೋಟವಿತ್ತು.

"ಶಿವನೇ," ಎಂದರು ಪರಮಶಿವಯ್ಯ. ತೀರಾ ಮೆಲ್ಲಗೆ. ಬೆರಳಿನಿಂದ ತುಟಿ ಮುಟ್ಟಿಕೊಂಡರು. "ಜುಮ್... ಜುಮ್ಮನ್ನುತ್ತಿದೆ."

ಆ ವಿಷ ಚಿಕ್ಕಬೈರಪ್ಪನವರಿಗೆ ಇಟ್ಟದ್ದೇ ಅಲ್ಲ. ಇಟ್ಟದ್ದು ಇವರಿಗೆ.

"ತಿಮ್ಮರಾಯಪ್ಪ! ಉಪ್ಪು ನೀರು! ಡಾಕ್ಟರನ್ನ ಕರ್ಕೊಂಡ್ ಬಾ, ಓಡು!"

"ಯಾವ ಡಾಕ್ಟರ್ ಸಾರ್? ಇನ್ನೊಬ್ಬರು ಮಧ್ಯಾಹ್ನವೇ ಮನೆಗೆ ಹೋದ್ರು."

"ಇರೋರನ್ನ!"

ಚನ್ನಬಸವಯ್ಯ ಪರಮಶಿವಯ್ಯನವರನ್ನು ಕುರ್ಚಿಯಿಂದ ಇಳಿಸಿ ನೆಲದ ಮೇಲೆ ಕೂರಿಸಿದ. ಉಪ್ಪು ನೀರು ಬಂತು. ಬಲವಂತವಾಗಿ ಕುಡಿಸಿ, ಬೆರಳಿಟ್ಟು ವಾಂತಿ ಮಾಡಿಸಿದ. ಸ್ವಲ್ಪ ಹೊರಬಂತು. ಎಷ್ಟು ಒಳಗೆ ಉಳಿಯಿತೋ ದೇವರಿಗೇ ಗೊತ್ತು. ಅವರ ಕೈಕಾಲು ತಣ್ಣಗಾಗುತ್ತಿದ್ದವು.

"ಡಬ್ಬಿ ತುಂಬಿಸಿ ಕೊಟ್ಟಿದ್ದು ಯಾರು ಸಾರ್? ಹೆಸರು ಹೇಳಿ!"

ತುಟಿ ಅಲುಗಿತು. ನಾಲಿಗೆ ತಿರುಗಲಿಲ್ಲ.

ಆಸ್ಪತ್ರೆಯ ಆವರಣದಲ್ಲೇ ಇದ್ದ ಮನೆಯಿಂದ ಓಡಿಬಂದ ಡಾಕ್ಟರ್ ಚೂಡಾಮಣಿ ಬಾಗಿಲಲ್ಲಿ ಕಾಣಿಸಿಕೊಂಡರು. ಮನೆಯಲ್ಲುಟ್ಟ ನೂಲಿನ ಸೀರೆ, ಬರಿಗಾಲು. ಯಾರನ್ನೂ ಏನನ್ನೂ ಕೇಳದೆ ಮಂಡಿಯೂರಿ ನಾಡಿ ಹಿಡಿದರು.

"ನಾಡಿ ಇಳೀತಿದೆ. ಅಧ್ಯಕ್ಷರಿಗೂ ಹೀಗೇ ಆಯ್ತು. ಆವತ್ತು ನನಗೆ ಗೊತ್ತಾಗಲಿಲ್ಲ." ತುಟಿಯ ಬಣ್ಣ ನೋಡಿದರು. "ವತ್ಸನಾಭಿ ಬೇರಿನ ವಿಷ. ಅಟ್ರೋಪಿನ್ ಬೇಕು. ಈಗಲೇ ಬೇಕು. ಔಷಧಿ ಬೀರುವಿನ ಕೀ ಎಲ್ಲಿ?"

"ಕೀ ನನ್ನ ಹತ್ರ ಇದೆ."

ಗದ್ದಲ ಕೇಳಿ ಬಂದ ಕಮಲಾದೇವಿ ವರಾಂಡದಲ್ಲಿ ನಿಂತಿದ್ದರು. ಬಿಳಿ ಖಾದಿ ಸೀರೆ, ಬಿಗಿಯಾದ ಮುಖ. ಅಧ್ಯಕ್ಷರು ಸತ್ತ ಮೇಲೆ ಆಸ್ಪತ್ರೆಯ ಹೊಣೆ ಉಪಾಧ್ಯಕ್ಷೆಯಾದ ಅವರ ಮೇಲೆ ಬಿದ್ದಿತ್ತು. ಔಷಧಿಯ ಬೀರುವಿನ ಕೀಲಿಕೈಯನ್ನೂ ಡಾಕ್ಟರಿಂದ ಅವರೇ ತೆಗೆದುಕೊಂಡಿದ್ದರು.

"ಕೊಡಿ ಮೇಡಂ," ಎಂದ ಚನ್ನಬಸವಯ್ಯ.

"ಕೊಡ್ತೀನಿ. ಆದ್ರೆ ಒಂದು ಮಾತು ಯೋಚನೆ ಮಾಡಿ. ಈಕೆ ಉಳೀಲಿ ಅಂತ ಬಿಳಿ ಮಣಿ ಹಾಕಿದವಳು ನಾನು. ನನಗೆ ಈಕೆ ಮೇಲೆ ದ್ವೇಷ ಇಲ್ಲ." ಕಮಲಾದೇವಿಯವರ ದನಿ ಸ್ವಲ್ಪವೂ ಏರಲಿಲ್ಲ. "ಆದ್ರೆ ಈಕೆ ರೋಗಿಗಳನ್ನ ಮುಟ್ಟಬಾರದು ಅಂತ ಮಂಡಳಿ ನಿರ್ಣಯ ಆಗಿದೆ. ಆವತ್ತು ಇದೇ ಕೋಣೇಲಿ, ಇದೇ ಕೈ ಇಂಜೆಕ್ಷನ್ ಕೊಡ್ತು. ಅಧ್ಯಕ್ಷರು ಬದುಕಲಿಲ್ಲ. ಇವತ್ತು ಈಕೇನ ತೆಗೆಸಿದ ಕಾರ್ಯದರ್ಶಿ ಬಿದ್ದಿದ್ದಾರೆ. ಮತ್ತೆ ಅದೇ ಕೈಗೆ ಸೂಜಿ ಕೊಡ್ತೀರಾ?"

ಮಾತಿನಲ್ಲಿ ತಪ್ಪು ಹುಡುಕಲು ಚನ್ನಬಸವಯ್ಯನಿಗೆ ಆಗಲಿಲ್ಲ. ಆದರೆ ನೆಲದ ಮೇಲೆ ಒಬ್ಬ ಮನುಷ್ಯ ಸಾಯುತ್ತಿದ್ದ. ಅವನು ಕೈ ಚಾಚಿದ. ಕಮಲಾದೇವಿ ಕೀಲಿಕೈಯನ್ನು ಅದರ ಮೇಲಿಟ್ಟರು.

ತಿಮ್ಮರಾಯಪ್ಪ ಓಡಿ ಔಷಧಿ, ಸಿರಿಂಜು ತಂದ. ಚೂಡಾಮಣಿ ಗಾಜಿನ ಕೊಳವೆಯ ಕತ್ತು ಮುರಿದು, ಔಷಧಿ ಎಳೆದುಕೊಂಡು, ಪರಮಶಿವಯ್ಯನವರ ತೋಳಿನ ಕಡೆ ಬಗ್ಗಿದರು. ಏನಾಗುತ್ತಿದೆಯೆಂದು ನೋಡಲು ಕಮಲಾದೇವಿ ಅವರ ಬೆನ್ನ ಹಿಂದೆಯೇ ಬಂದು ನಿಂತರು.

ಆಗ ಪರಮಶಿವಯ್ಯನವರ ಕಣ್ಣು ತೆರೆಯಿತು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು ಅವರು ಚನ್ನಬಸವಯ್ಯನ ಮಣಿಕಟ್ಟು ಹಿಡಿದುಕೊಂಡರು.

"ಡಬ್ಬಿ... ತುಂಬಿಸಿ... ಕೊಟ್ಟೋರು..."

"ಯಾರು ಸಾರ್?"

ಅವರ ಇನ್ನೊಂದು ಕೈ ನಡುಗುತ್ತಾ ಮೇಲೆದ್ದಿತು. ತೋರುಬೆರಳು ಚಾಚಿತು. ಬೆರಳಿನ ನೇರಕ್ಕೆ ಇಬ್ಬರು ಹೆಂಗಸರಿದ್ದರು, ಒಬ್ಬರ ಹಿಂದೆ ಒಬ್ಬರು.

ಸೂಜಿ ಚರ್ಮದ ಹತ್ತಿರವೇ ನಿಂತಿತು. ಚೂಡಾಮಣಿ ತಲೆಯೆತ್ತಿ ಚನ್ನಬಸವಯ್ಯನನ್ನು ನೋಡಿದರು.

"ಹೇಳಿ ಇನ್ಸ್‌ಪೆಕ್ಟರ್. ಚುಚ್ಲೋ ಬೇಡ್ವೋ? ಸಭೆ ಕರೆಯೋಕೆ ಹೊತ್ತಿಲ್ಲ. ಈಗ ಇಲ್ಲಿ ಮಂಡಳಿ ಅಂದ್ರೆ ನೀವೊಬ್ಬರೇ."

ಚನ್ನಬಸವಯ್ಯ ಒಮ್ಮೆ ಕಣ್ಣು ಮುಚ್ಚಿ ತೆರೆದ.

"ಚುಚ್ಚಿ."

ಸೂಜಿ ಒಳಗಿಳಿಯಿತು. ಔಷಧಿ ನಿಧಾನವಾಗಿ ಕೆಳಗಿಳಿಯತೊಡಗಿತು.

ಪರಮಶಿವಯ್ಯನವರ ಬೆರಳು ಇನ್ನೂ ಚಾಚಿಕೊಂಡೇ ಇತ್ತು. ಕಮಲಾದೇವಿ ಅದನ್ನೇ ನೋಡುತ್ತಾ, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಬೆರಳು ಅವರ ಹಿಂದೆ ಹೋಗಲಿಲ್ಲ; ಸೂಜಿ ಹಿಡಿದ ಚೂಡಾಮಣಿಯವರ ಕಡೆಗೇ ನಿಂತಿತ್ತು.